ಮುಳ್ಳಿಲ್ಲದ ಬೂತಾಯಿ

ನನ್ನ ಮಗ ಸಿಟಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾನೆ. ಮಧ್ಯಾಹ್ನ ಟಿಕೆಟಿನ ಬ್ಯಾಗನ್ನು ಇನ್ನೊಬ್ಬನಿಗೆ ಒಪ್ಪಿಸಿ ಊಟಕ್ಕೆ ಬರುತ್ತಾನೆ. ತನ್ನ ಮಗಳಿಗೆ ಆರು ವರ್ಷ ಆಗುವ ತನಕ ಅವನು ಊಟಕ್ಕೆ ಕೂತರೆ ಮೊದಲು ಎಳೆದುಕೊಳ್ಳುತ್ತಿದ್ದದ್ದು ತನ್ನ ಬಟ್ಟಲನ್ನಲ್ಲ, ಅವಳ ಬಟ್ಟಲನ್ನು. ಅದರಲ್ಲಿದ್ದ ಮೀನನ್ನು ಬಿಡಿಸಿ, ಮುಳ್ಳು ತೆಗೆದು, ಉಳಿದದ್ದನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿ, ಕಿಟಕಿಯ ಬೆಳಕಿಗೆ ಹಿಡಿದು, ಆಮೇಲೆ ಅವಳ ಅನ್ನದ ಮೇಲೆ ಇಡುತ್ತಿದ್ದ. ಅಷ್ಟು ಹೊತ್ತಿಗೆ ಅದು ಮೀನಾಗಿ ಉಳಿಯುತ್ತಿರಲಿಲ್ಲ, ಹಿಟ್ಟಾಗಿರುತ್ತಿತ್ತು. ಅವಳು ಬಾಯಿ ತೆರೆದು ಕಾಯುತ್ತಿದ್ದಳು.

ಮೀನು ತಿನ್ನುವವರ ಮನೆಯಲ್ಲಿ ಸಣ್ಣ ಮಕ್ಕಳಿಗೆ ಮುಳ್ಳು ತೆಗೆದು ಕೊಡುವುದು ಇದ್ದದ್ದೇ. ಅದಕ್ಕೊಂದು ವಯಸ್ಸು ಅಂತ ಇರುತ್ತದೆ. ಮೊದಲು ಅಂಜಲ್ ಕೊಡುತ್ತಾರೆ. ಅದರಲ್ಲಿ ನಡುವೆ ಒಂದು ದಪ್ಪ ಎಲುಬು ಬಿಟ್ಟರೆ ಹೆದರುವಂಥದ್ದು ಏನಿಲ್ಲ. ಆಮೇಲೆ ಬಂಗುಡೆ. ಕೊನೆಗೆ ಬೂತಾಯಿ. ಬೂತಾಯಿ ಬೆರಳುದ್ದದ ಅಗ್ಗದ ಮೀನು, ಮೈತುಂಬ ಕೂದಲಿನಂಥ ಮುಳ್ಳು. ಮಗು ತನ್ನಷ್ಟಕ್ಕೆ ಬೂತಾಯಿ ತಿಂದರೆ ಇನ್ನು ಅದರ ಊಟದ ಗೋಜು ನಮಗಿಲ್ಲ ಎಂದು ಲೆಕ್ಕ. ನಮ್ಮ ತಾಯಿ ನನಗೆ ಮುಳ್ಳು ತೆಗೆದು ಕೊಟ್ಟ ನೆನಪೇ ನನಗಿಲ್ಲ. ಮನೆ ತುಂಬ ಮಕ್ಕಳು, ತಾಯಿಯ ಕೈಯಲ್ಲಿ ಯಾವಾಗಲೂ ಬೀಡಿಯ ಎಲೆ. ನಾನೂ ಆಮೇಲೆ ಅದೇ ಬೀಡಿ ಕಟ್ಟಿ ಇವನನ್ನು ಸಾಕಿದ್ದು. ಇವನಿಗೂ ಬಹಳ ದಿನ ಮುಳ್ಳು ತೆಗೆದು ಕೊಡಲಿಲ್ಲ. ನೋಡಿಕೊಂಡು ತಿನ್ನು ಎಂದೆ, ತಿಂದ.

ಇವನು ಹೀಗಾದದ್ದಕ್ಕೆ ಕಾರಣ ಉಂಟು. ಸೊಸೆ ಕುವೈಟಿನಲ್ಲಿ ನರ್ಸ್. ಮಗು ಸರಿಯಾಗಿ ಮಾತು ಕಲಿಯುವ ಮೊದಲೇ ಹೋದಳು. ಅದು ಗಂಡ ಹೆಂಡತಿ ಕೂತು ಮಾಡಿದ ತೀರ್ಮಾನ, ಅದರಲ್ಲಿ ನಾನು ಬಾಯಿ ಹಾಕಲಿಲ್ಲ. ಮಗುವಿನ ತಲೆ ಬಾಚುವುದು, ಉಗುರು ತೆಗೆಯುವುದು, ಸ್ನಾನ ಮಾಡಿಸುವುದು ಎಲ್ಲ ಅಪ್ಪನೇ ಕಲಿತ. ನಾನು ಬೇಯಿಸಿ ಹಾಕುತ್ತಿದ್ದೆ, ಅಷ್ಟೆ. ಮಗುವಿಗೆ ನಾಲ್ಕು ವರ್ಷ ಆಗುವಾಗ ಒಂದು ದಿನ ಬಂಗುಡೆಯ ಮುಳ್ಳು ಗಂಟಲಿಗೆ ಸಿಕ್ಕಿಕೊಂಡಿತು. ಅನ್ನದ ಉಂಡೆ ನುಂಗಿಸಿದೆವು, ಬಾಳೆಹಣ್ಣು ನುಂಗಿಸಿದೆವು, ಹೋಗಲಿಲ್ಲ. ಅವಳು ಉಗುಳಿದಾಗ ಸ್ವಲ್ಪ ರಕ್ತ ಬಂತು. ಇವನು ಬರಿಗಾಲಲ್ಲಿ ಅವಳನ್ನು ಎತ್ತಿಕೊಂಡು ರಿಕ್ಷಾ ಹತ್ತಿದ. ಆಸ್ಪತ್ರೆಯಲ್ಲಿ ಡಾಕ್ಟರು ಬಾಯಿ ತೆರೆಸಿ, ಇಕ್ಕಳ ಹಾಕಿ, ಮುಳ್ಳು ತೆಗೆದು ಇವನ ಅಂಗೈಗೆ ಹಾಕಿದರಂತೆ. ಅವಳು ಮನೆಗೆ ಬಂದು ಐಸ್‌ಕ್ರೀಮ್ ತಿಂದು ಮಲಗಿದಳು. ಇವನು ಜ್ವರ ಬಂದವನ ಹಾಗೆ ಕೂತಿದ್ದ. ಆ ದಿನ ಮೀನು ಬಿಡಿಸಿ ಮುಳ್ಳು ತೆಗೆದು ಅವಳಿಗೆ ಕೊಟ್ಟವನು ಇವನೇ. ಒಂದು ಉಳಿದುಬಿಟ್ಟಿತ್ತು.

ಅಲ್ಲಿಂದ ಮುಂದೆ ಆ ತಿಕ್ಕಿ ನೋಡುವುದು, ಬೆಳಕಿಗೆ ಹಿಡಿಯುವುದು ಶುರುವಾಯಿತು. ಅವಳು ಶಾಲೆಗೆ ಹೋಗತೊಡಗಿದಳು, ಅಕ್ಷರ ಕಲಿತಳು, ಹಲ್ಲು ಬಿತ್ತು, ಹೊಸತು ಬಂತು. ಮುಳ್ಳು ಮಾತ್ರ ಅಪ್ಪನೇ ತೆಗೆಯಬೇಕು.

ಅವಳು ಒಂದನೆಯ ಕ್ಲಾಸು ಮುಗಿಸಿದ ವರ್ಷ ಬೇಸಗೆ ರಜೆಯಲ್ಲಿ ಕಾಟಿಪಳ್ಳದಿಂದ ಫೋನು ಬಂತು. ಅಲ್ಲಿ ಸೊಸೆಯ ತಾಯಿ, ಅಣ್ಣ, ಅಣ್ಣನ ಮಕ್ಕಳು ಇದ್ದಾರೆ. ಅಣ್ಣ ಅಲ್ಲಿಯೇ ಹತ್ತಿರದ ಕಂಪೆನಿಯಲ್ಲಿ ವೆಲ್ಡಿಂಗ್ ಕೆಲಸ ಮಾಡುವವನು. ಮಕ್ಕಳೆಲ್ಲ ಸೇರುತ್ತಾರೆ, ಇವಳನ್ನೂ ಒಂದು ವಾರ ಬಿಡಿ ಎಂದು ಸೊಸೆಯ ತಾಯಿ ಕೇಳಿದರು. ಇವಳು ಅಲ್ಲಿಗೆ ಹೋದದ್ದುಂಟು, ಅಪ್ಪನ ಜೊತೆ ಹೋಗಿ ಸಂಜೆ ಅಪ್ಪನ ಜೊತೆಯೇ ವಾಪಸು ಬಂದದ್ದು. ಉಳಿದದ್ದಿಲ್ಲ. ಫೋನು ಸ್ಪೀಕರಿನಲ್ಲಿ ಇಟ್ಟದ್ದರಿಂದ ಅವಳಿಗೂ ಕೇಳಿತು. ಕೇಳಿದ ಕೂಡಲೇ ಒಳಗೆ ಹೋಗಿ ಶಾಲೆಯ ಬ್ಯಾಗನ್ನು ನೆಲಕ್ಕೆ ಮಗುಚಿ ಪುಸ್ತಕ ಖಾಲಿ ಮಾಡಿದಳು, ಬಟ್ಟೆ ತುಂಬಲಿಕ್ಕೆ.

ಇವನು ಫೋನಿನಲ್ಲಿ "ನೋಡುವ ಅತ್ತೆ" ಎಂದ. ಇಟ್ಟ ಮೇಲೆ ನನಗೆ ಹೇಳಿದ.

"ಅದು ಆಗುದಿಲ್ಲ ಅಮ್ಮ. ಅಲ್ಲಿ ಮನೆ ತುಂಬ ಜನ. ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಬಡಿಸ್ತಾರೆ. ಇವಳ ಮುಳ್ಳು ಯಾರು ನೋಡುದು?"

"ಮೀನು ತಿನ್ನದಿದ್ರೆ ಎಂತ ಸಾಯ್ತಾಳಾ? ಬರೀ ಸಾರು ಹಾಕಿ ತಿನ್ಲಿ."

"ಸಾರಿನಲ್ಲೂ ಮುಳ್ಳಿರ್ತದೆ."

"ಹಾಗಾದ್ರೆ ಮುಳ್ಳು ತೆಗೀಲಿಕ್ಕೆ ಕಲೀಲಿ."

"ಅವಳಿಗೆ ಆರು ವರ್ಷ."

"ನಿಂಗೆ ಆರು ವರ್ಷ ಇರುವಾಗ ನೀನು ಬೂತಾಯಿಯ ಬಾಲವನ್ನೂ ಬಿಡ್ತಿರ್ಲಿಲ್ಲ ಮಾರಾಯ. ಬೆಕ್ಕು ನಮ್ಮ ಮನೆಗೆ ಬರುದನ್ನೇ ಬಿಟ್ಟಿತ್ತು."

ಅವನು ನಗಲಿಲ್ಲ. ಬಾಗಿಲಲ್ಲಿ ಮೊಮ್ಮಗಳು ಖಾಲಿ ಬ್ಯಾಗು ಹಿಡಿದು ನಿಂತಿದ್ದಳು.

"ಪಪ್ಪ, ನಾನೇ ತೆಗೀತೇನೆ ಮುಳ್ಳು."

"ನಿಂಗೆ ಆಗುದಿಲ್ಲ ಮಗಾ."

"ಆಗ್ತದೆ. ನಾನು ಈಗ ಸೆಕೆಂಡ್ ಸ್ಟ್ಯಾಂಡರ್ಡ್. ಬೇಬಿ ಅಲ್ಲ."

ಆ ದಿನ ಸಂಜೆ ಸೊಸೆಯ ವಿಡಿಯೋ ಕಾಲ್ ಬಂತು. ಅವಳಿಗೆ ತಾಯಿ ಮನೆಯಿಂದ ಸುದ್ದಿ ಆಗಲೇ ಹೋಗಿತ್ತು. ಅವಳು ಜೋರು ಮಾಡುವವಳಲ್ಲ, ಮೆಲ್ಲ ಮಾತಾಡುವವಳು. ಮೊದಲು ನನ್ನನ್ನು ಕೇಳಿದಳು.

"ನೀವು ಎಂತ ಹೇಳ್ತೀರಿ ಮಾಮಿ?"

"ನಾನು ಹೇಳುದೆಂತ. ಹುಡುಗಿ ತಯಾರು. ತಯಾರಾಗದ್ದು ನಿನ್ನ ಗಂಡ."

"ನಿಮಗೆ ಹೆದರಿಕೆ ಆಗುದು ಸರಿ" ಎಂದು ಅವಳು ಗಂಡನಿಗೆ ಹೇಳಿದಳು. "ನಾನು ಇಲ್ಲಿ ಕೂತು ಕಳಿಸಿ ಅಂತ ಹೇಳಿದ್ರೆ ಅದು ಸರಿ ಆಗುದಿಲ್ಲ. ಆದ್ರೆ ನನ್ನ ಅಮ್ಮನ ಮನೆ ಅವಳಿಗೆ ನೆಂಟರ ಮನೆ ಆಗ್ಬಾರ್ದು. ನಾನಂತೂ ಅಲ್ಲಿ ಇಲ್ಲ. ಅವಳಾದ್ರೂ ಇರ್ಲಿ ಅಂತ."

ಇವನು ಫೋನನ್ನು ಮಗಳ ಕೈಗೆ ಕೊಟ್ಟು ಜಗಲಿಗೆ ಹೋಗಿ ಕೂತ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಬಂದು ಷರತ್ತು ಹೇಳಿದ.

"ಒಂದು ಬೂತಾಯಿ. ಕಾಯಿಸಿದ್ದಲ್ಲ, ಸಾರಿನದ್ದು. ನನ್ನ ಎದುರು ಕೂತು ತಿನ್ಬೇಕು. ಯಾರೂ ಕೈ ಹಾಕ್ಬಾರ್ದು. ಹಾಗೆ ತಿಂದ್ರೆ ಕಾಟಿಪಳ್ಳಕ್ಕೆ ಕಳಿಸ್ತೇನೆ."

ಎಣ್ಣೆಯಲ್ಲಿ ಕಾಯಿಸಿದ ಮೀನು ಗಟ್ಟಿ ಇರುತ್ತದೆ, ಮುಳ್ಳು ಇಡಿಯಾಗಿ ಏಳುತ್ತದೆ, ಸಣ್ಣದೆಲ್ಲ ಗರಿಗರಿಯಾಗಿ ಹಲ್ಲಿಗೆ ಪುಡಿಯಾಗುತ್ತದೆ. ಸಾರಿನ ಮೀನು ಮೆತ್ತಗೆ, ಮುಟ್ಟಿದರೆ ಒಡೆಯುತ್ತದೆ, ಮುಳ್ಳು ಅನ್ನದೊಳಗೆ ಎಲ್ಲಿ ಹೋಯಿತೆಂದು ದೊಡ್ಡವರಿಗೂ ಗೊತ್ತಾಗುವುದಿಲ್ಲ. ಅವನಿಗೆ ಅದು ಗೊತ್ತು, ಅದಕ್ಕೇ ಹೇಳಿದ್ದು. ಇವಳಿಂದ ಆಗಲಿಕ್ಕಿಲ್ಲ, ರಜೆ ಮುಗಿಯುತ್ತದೆ, ಮಾತು ಅಲ್ಲಿಗೆ ನಿಲ್ಲುತ್ತದೆ ಎಂದು ಅವನ ಮನಸ್ಸಿನಲ್ಲಿ ಇತ್ತು. ನಾನು ಹೆತ್ತವಳು, ನನಗೆ ಅಷ್ಟು ತಿಳಿಯುತ್ತದೆ.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಮೊಮ್ಮಗಳು ಅಡುಗೆಮನೆಗೆ ಬಂದು ನೆಲದಲ್ಲಿ ಕೂತಳು. "ಅಜ್ಜಿ, ಕಲಿಸು" ಎಂದಳು.

ಕಲಿಸಲಿಕ್ಕೆ ಅದರಲ್ಲಿ ಬಹಳ ಏನೂ ಇಲ್ಲ. ಸ್ಕೂಟರಿನಲ್ಲಿ ಮೀನು ತರುವವನು ಪೀಂ ಪೀಂ ಮಾಡಿಕೊಂಡು ಬಂದಾಗ ಒಂದೆರಡು ಬಂಗುಡೆ ತೆಗೆದುಕೊಂಡು ಕಾಯಿಸಿ ಕೊಟ್ಟೆ. "ಬೆನ್ನಿನ ಮೇಲೆ ಹೆಬ್ಬೆರಳಿಟ್ಟು ಒತ್ತು. ಅದೇ ಬಾಯಿ ಬಿಡ್ತದೆ. ಮೇಲಿನ ಭಾಗ ಎತ್ತಿ ಬದಿಗಿಡು. ಈಗ ನಡುವಿನ ಮುಳ್ಳು ಕಾಣ್ತದೆ. ಅದನ್ನು ಬಾಲದ ಕಡೆಯಿಂದ ಹಿಡಿದು ಎತ್ತು, ತಲೆ ಕಡೆಯಿಂದ ಅಲ್ಲ." ಇಷ್ಟು ಹೇಳಿ ನಾನು ಅಕ್ಕಿ ಹೆಕ್ಕಲಿಕ್ಕೆ ಕೂತೆ.

ಮೊದಲ ದಿನ ಅವಳು ಅದನ್ನು ಪುಡಿ ಪುಡಿ ಮಾಡಿದಳು. ಮೀನು ಎಷ್ಟು, ಮುಳ್ಳು ಎಷ್ಟು, ನೆಲದಲ್ಲಿ ಬಿದ್ದದ್ದು ಎಷ್ಟು ಎಂದು ಹೇಳುವ ಹಾಗಿರಲಿಲ್ಲ.

"ಅಜ್ಜಿ, ಇದರಲ್ಲಿ ಇನ್ನು ಮುಳ್ಳುಂಟಾ ನೋಡು."

"ನಾನು ಯಾಕೆ ನೋಡ್ಬೇಕು? ತಿನ್ನುದು ನೀನು. ನಿನ್ನ ನಾಲಿಗೆ ನೋಡ್ಲಿ."

"ಪಪ್ಪ ನೋಡ್ತಾರೆ."

"ಪಪ್ಪ ಕಾಟಿಪಳ್ಳಕ್ಕೆ ಬರುದಿಲ್ಲ."

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಒಂದು ಚೂರು ಬಾಯಿಗೆ ಹಾಕಿ, ತಲೆ ಒಂದು ಬದಿಗೆ ವಾಲಿಸಿ, ಕಣ್ಣು ಮುಚ್ಚಿ ನಾಲಿಗೆ ಆಡಿಸಿದಳು. ಮುಳ್ಳು ಸಿಕ್ಕಿತು. ತೆಗೆದು ಬಟ್ಟಲಿನ ಅಂಚಿಗೆ ಇಟ್ಟಳು. ಅಲ್ಲಿಂದ ಮುಂದೆ ಅದೇ ಅವಳ ಕ್ರಮ. ಸಿಕ್ಕಿದ ಮುಳ್ಳನ್ನೆಲ್ಲ ಅಂಚಿನಲ್ಲಿ ಸಾಲಾಗಿ ಇಡುವುದು, ಸಾಲು ಓರೆಯಾದರೆ ಸರಿ ಮಾಡುವುದು. ಅದಕ್ಕೇ ಅರ್ಧ ಹೊತ್ತು ಹೋಗುತ್ತಿತ್ತು. ನಾನು ಬೇಡ ಎನ್ನಲಿಲ್ಲ.

ಬಂಗುಡೆ ಕೈಗೆ ಹತ್ತಿದ ಮೇಲೆ ಬೂತಾಯಿ. ಒಂದು ದಿನ ಅದರ ಹೊಟ್ಟೆಯ ಕಡೆಯ ಸಣ್ಣ ಮುಳ್ಳುಗಳು ಮುಗಿಯುವುದೇ ಇಲ್ಲ ಎಂದು ಸಿಟ್ಟು ಬಂದು ಬಟ್ಟಲು ದೂಡಿ ಜಗಲಿಗೆ ಹೋಗಿ ಕೂತಳು. ನಾನು ಕರೆಯಲಿಲ್ಲ. ಅವಳು ಬಿಟ್ಟದ್ದನ್ನು ನಾನೇ ತಿಂದೆ. ಮಧ್ಯಾಹ್ನ ಅಪ್ಪ ಬಂದಾಗ ಅವಳು ಎಂದಿನ ಹಾಗೆ ಅವನು ಬಿಡಿಸಿ ಕೊಟ್ಟ ಮೀನು ತಿಂದಳು, ಕಲಿಯುತ್ತಿದ್ದೇನೆ ಎಂದು ಬಾಯಿ ಬಿಡಲಿಲ್ಲ. ಮರುದಿನ ಪುನಃ ಬಂದು ಕೂತಳು. ನಾನು ಒಂದು ಮಾತು ಹೇಳಿದೆ, ಮೀನು ಬೇರೆ ತಿನ್ನು, ಅನ್ನ ಬೇರೆ ತಿನ್ನು, ಎರಡನ್ನೂ ಒಟ್ಟಿಗೆ ಕಲಸಬೇಡ, ಕಲಸಿದರೆ ಮುಳ್ಳು ಅನ್ನದೊಳಗೆ ಅಡಗುತ್ತದೆ ಎಂದು. ಅದು ಅವಳಿಗೆ ಹಿಡಿಸಿತು.

ಆ ದಿನಗಳಲ್ಲೇ ಬೇರೆ ಕೆಲವೂ ಶುರುವಾದವು. ಸ್ನಾನದ ಮನೆಯ ಬಾಗಿಲು ಹಾಕಿಕೊಂಡಳು. ಇವನು ಹೊರಗೆ ನಿಂತು "ಸೋಪು ಹಾಕಿದ್ಯಾ? ಕಿವಿಯ ಹಿಂದೆ ಹಾಕಿದ್ಯಾ?" ಎಂದು ಕೇಳುತ್ತಿದ್ದ. ಒಳಗಿನಿಂದ ನೀರು ಸುರಿಯುವ ಸದ್ದು ಮಾತ್ರ ಬರುತ್ತಿತ್ತು. ತಲೆ ತಾನೇ ಬಾಚಿಕೊಂಡಳು, ಒಂದು ಜುಟ್ಟು ಮೇಲೆ, ಒಂದು ಕೆಳಗೆ. ಅವನು ಸರಿ ಮಾಡಲಿಕ್ಕೆ ಕೈ ಚಾಚಿದರೆ ಓಡಿದಳು. ಅವನು ಬಾಚಣಿಗೆ ಹಿಡಿದುಕೊಂಡು ನಿಂತದ್ದನ್ನು ನಾನು ಅಡುಗೆಮನೆಯಿಂದ ನೋಡಿದೆ. ಆಮೇಲೆ ಅದರಿಂದ ತನ್ನ ತಲೆಯನ್ನೇ ಬಾಚಿಕೊಂಡ.

ಒಂದು ದಿನ ಊಟದ ಹೊತ್ತಿನಲ್ಲಿ ಅವಳೇ ಹೇಳಿದಳು. "ಪಪ್ಪ, ನಾನು ರೆಡಿ."

"ಎಂತಕ್ಕೆ?"

"ಸಾರಿನ ಬೂತಾಯಿಗೆ."

ಅವನು ನನ್ನ ಕಡೆ ನೋಡಿದ. ನಾನು ಸಾರು ಬಡಿಸುತ್ತಿದ್ದೆ, ಅವನನ್ನು ನೋಡಲಿಲ್ಲ.

ಅವನಿಗೆ ರಜೆಯಿದ್ದ ದಿನಕ್ಕೆ ಅದು ನಿಗದಿಯಾಯಿತು. ಬೆಳಿಗ್ಗೆ ಅವನೇ ಮೀನಿನ ಬೋಟು ಬರುವ ದಕ್ಕೆಗೆ ಹೋಗಿ ಬೂತಾಯಿ ತಂದ. ಒಳ್ಳೆಯ ಮೀನು, ಹೊಟ್ಟೆ ಒಡೆಯದ್ದು, ಕಣ್ಣು ಕೆಂಪಾಗದ್ದು. ನಾನು ತಲೆ ತೆಗೆದು, ಹೊಟ್ಟೆ ತೊಳೆದು, ಹುಣಸೆಹುಳಿ ಮತ್ತು ಕೆಂಪು ಮೆಣಸು ಅರೆದು ಮಣ್ಣಿನ ಪಾತ್ರೆಯಲ್ಲಿ ಪುಳಿಮುಂಚಿ ಸಾರು ಮಾಡಿದೆ. ಊಟದ ಹೊತ್ತಿಗೆ ಇವನು ಅಡುಗೆಮನೆಗೆ ಬಂದ.

"ನೀನು ಹೋಗಿ ಕೂತ್ಕೋ ಅಮ್ಮ. ಇವತ್ತು ನಾನು ಬಡಿಸ್ತೇನೆ."

ಹುಟ್ಟಿದ ಮೇಲೆ ಒಂದು ಸೌಟು ಸಾರು ಬಡಿಸಿದವನಲ್ಲ. ಹೋಗಲಿ, ಅಷ್ಟಾದರೂ ಕಲಿತನಲ್ಲ ಎಂದುಕೊಂಡು ನಾನು ಹೊರಗೆ ಬಂದು ಮೊಮ್ಮಗಳ ಪಕ್ಕ ಕೂತೆ. ಅವಳು ಕೈ ತೊಳೆದು, ತೋಳು ಮೇಲೆ ಮಾಡಿ, ಪರೀಕ್ಷೆಗೆ ಕೂತವಳ ಹಾಗೆ ಕೂತಿದ್ದಳು. ಒಳಗೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಎಂತ ಮಾಡುತ್ತಿದ್ದೀ ಎಂದು ನಾನು ಎರಡು ಸಲ ಕೇಳಿದೆ, ಬಂದೆ ಎಂದ.

ಬಟ್ಟಲು ತಂದು ಇಟ್ಟ. ಒಂದು ಬದಿಗೆ ಅನ್ನ, ಇನ್ನೊಂದು ಬದಿಗೆ ಬೂತಾಯಿ. ಮೀನು ಕಾಣದ ಹಾಗೆ ಮೇಲಿನಿಂದ ದಪ್ಪ ಸಾರು ಸುರಿದಿದ್ದ. ತಾನು ಎದುರು ಕೂತ.

ಅವಳು ಬೆನ್ನಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಸರಿಯಾಗಿ ಒತ್ತುವ ಮೊದಲೇ ಮೀನು ಎರಡಾಯಿತು. ಮೇಲಿನ ಭಾಗ ಎತ್ತಿ ಬದಿಗಿಟ್ಟಳು. ನಡುವಿನ ಮುಳ್ಳು ಹಿಡಿಯಲಿಕ್ಕೆ ಬಾಲದ ಕಡೆ ಬೆರಳು ಹಾಕಿದಳು. ಬೆರಳಿಗೆ ಏನೂ ಸಿಗಲಿಲ್ಲ. ಇನ್ನೊಂದು ಕಡೆ ತಡಕಿದಳು. ಒಂದು ಚೂರು ಬಾಯಿಗೆ ಹಾಕಿ ಕಣ್ಣು ಮುಚ್ಚಿ ನಾಲಿಗೆ ಆಡಿಸಿದಳು, ನುಂಗಿದಳು. ಇನ್ನೊಂದು ಹಾಕಿದಳು, ಅದನ್ನೂ ನುಂಗಿದಳು. ಅಂಚಿನಲ್ಲಿ ಇಡಲಿಕ್ಕೆ ಒಂದು ಮುಳ್ಳೂ ಇಲ್ಲ. ತಿನ್ನುವುದನ್ನು ನಿಲ್ಲಿಸಿದಳು.

"ಪಪ್ಪ, ಇದರ ಮುಳ್ಳೆಲ್ಲಿ?"

"ಕೆಲವು ಮೀನಿಗೆ ಕಮ್ಮಿ ಇರ್ತದೆ ಮಗಾ. ನೀನು ತಿನ್ನು."

ಸಮುದ್ರದ ಬದಿಯಲ್ಲಿ ಹುಟ್ಟಿ ಬೆಳೆದ ಗಂಡಸು ಆಡುವ ಮಾತಾ ಇದು. ನನಗೆ ನಗು ಬಂತು. ಅವಳು ನಗಲಿಲ್ಲ.

"ನಡುವಿನ ಮುಳ್ಳೂ ಇಲ್ಲ. ಅದಿಲ್ಲದೆ ಇದು ಹೇಗೆ ಈಜಿದ್ದು?"

ಅವನು ನೀರಿನ ಲೋಟ ಎತ್ತಿ ಕುಡಿದ. ಅವಳು ಎದ್ದು ಅಡುಗೆಮನೆಗೆ ಹೋದಳು, ನಾನೂ ಹಿಂದೆ ಹೋದೆ. ತೊಳೆಯುವ ಪಾತ್ರೆಗಳ ಹಿಂದೆ ಒಂದು ತೆಂಗಿನ ಗೆರಟೆಯಲ್ಲಿ ಬೂತಾಯಿಯ ಮುಳ್ಳು ಇತ್ತು. ನಡುವಿನದ್ದು ಇಡಿಯಾಗಿ, ಸುತ್ತಲೂ ಸಣ್ಣದ್ದೆಲ್ಲ. ಹೊಟ್ಟೆಯ ಕಡೆಯಿಂದ ಬಿಡಿಸಿ, ಮುಳ್ಳೆಲ್ಲ ಹೆಕ್ಕಿ, ಪುನಃ ಮುಚ್ಚಿ, ಮೇಲೆ ಸಾರು ಹಾಕಿ ತಂದಿದ್ದ. ಒಂದು ಕಡೆಯೂ ಹರಿದಿರಲಿಲ್ಲ. ಅಷ್ಟು ನಾಜೂಕಾದ ಕೆಲಸವನ್ನು ನಾನೂ ಮಾಡಲಾರೆ.

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಗೆರಟೆ ತಂದು ಅಪ್ಪನ ಎದುರು ಇಟ್ಟಳು.

"ಯಾರೂ ಕೈ ಹಾಕ್ಬಾರ್ದು ಅಂತ ಹೇಳಿದ್ದು ನೀವು."

"ಒಂದು ಹೆದರಿಕೆ ಮಗಾ" ಎಂದ.

"ಹೆದರಿಕೆ ಇದ್ರೆ ನೀವು ಆಚೆ ನೋಡಿ."

ಇಷ್ಟು ಹೇಳಿ ಅವಳು ಇನ್ನೊಂದು ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಸ್ಟೂಲು ಎಳೆಯುವ ಸದ್ದು ಕೇಳಿತು. ಇವನು ಎದ್ದ. "ಪಾತ್ರೆ ಬಿಸಿ ಉಂಟು" ಎಂದ. ಒಳಗಿನಿಂದ "ಗೊತ್ತುಂಟು" ಎಂದು ಬಂತು. ನಾನು ಅವನಿಗೆ ಕೂತ್ಕೋ ಎಂದೆ, ಕೂತ. ಅವಳು ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು, ದಾರಿಯುದ್ದ ಸಾರು ಚೆಲ್ಲಿಕೊಂಡು ಬಂದಳು. ಈ ಸಲ ಅಪ್ಪನ ಎದುರು ಕೂರಲಿಲ್ಲ. ಅವನ ಕೈಗೆ ಎಟುಕದ ಹಾಗೆ ನನ್ನ ಆಚೆ ಬದಿಗೆ ಕೂತಳು.

ಬೆನ್ನು ಒತ್ತಿದಳು. ಮೀನು ಅರ್ಧ ಬಿಟ್ಟುಕೊಂಡಿತು, ಅರ್ಧ ಒಡೆಯಿತು. ಸಾರಿನ ಮೀನು ಬಿಡಿಸುವುದು ಅವಳಿಗೆ ಅದೇ ಮೊದಲು, ನಾನು ಕಲಿಸಿದ್ದು ಕಾಯಿಸಿದ್ದರಲ್ಲಿ ಮಾತ್ರ. ನಡುವಿನ ಮುಳ್ಳು ಎತ್ತುವಾಗ ತುಂಡಾಗಿ ಬಾಲದ ಚೂರು ಮಾತ್ರ ಕೈಗೆ ಬಂತು. ಅವಳು ಒಂದು ಸಲ ನನ್ನ ಮುಖ ನೋಡಿದಳು. ನಾನು ನನ್ನ ಅನ್ನ ಕಲಸಿದೆ. ಅವಳು ಉಳಿದ ಮುಳ್ಳಿಗೆ ಕೈ ಹಾಕಲಿಲ್ಲ, ಮೇಲಿನ ಮೀನನ್ನು ಸ್ವಲ್ಪ ಸ್ವಲ್ಪ ಕೆರೆದು ತೆಗೆದಳು. ಹಾಗೆ ಮಾಡು ಎಂದು ನಾನು ಹೇಳಿಕೊಟ್ಟದ್ದಲ್ಲ. ಚೂರು ಚೂರಾಗಿ ಬಾಯಿಗೆ ಹಾಕಿದಳು, ಕಣ್ಣು ಮುಚ್ಚಿದಳು, ಮುಳ್ಳು ತೆಗೆದು ಅಂಚಿಗೆ ಇಟ್ಟಳು. ನಡುವೆ ಒಂದು ತುತ್ತು ಬರೀ ಅನ್ನ. ಇವನ ಬಟ್ಟಲಿನಲ್ಲಿ ಅನ್ನ ಹಾಕಿದ ಹಾಗೇ ಇತ್ತು.

ಮುಗಿಯಲಿಕ್ಕೆ ಬರುವಾಗ ಅವಳು ತಟಕ್ಕನೆ ತಿನ್ನುವುದನ್ನು ನಿಲ್ಲಿಸಿದಳು. ಕುತ್ತಿಗೆ ಮುಂದೆ ಬಂತು, ಕಣ್ಣಲ್ಲಿ ನೀರು ತುಂಬಿತು. ಇವನು ಅರ್ಧ ಎದ್ದೇಬಿಟ್ಟ. ನಾನು ಅವನ ಅಂಗಿಯ ಅಂಚು ಹಿಡಿದು ಜಗ್ಗಿದೆ, ಅವನಿಗೆ ಏಳಲಿಕ್ಕಾಗಲಿಲ್ಲ. ಅವಳು ಬಾಯಿ ದೊಡ್ಡದಾಗಿ ತೆರೆದು, ಎರಡು ಬೆರಳು ಒಳಗೆ ಹಾಕಿ, ನಾಲಿಗೆಯ ಬುಡದಿಂದ ಒಂದು ಮುಳ್ಳು ಎಳೆದಳು. ಕೆಮ್ಮಿದಳು. ಮುಳ್ಳನ್ನು ಸ್ವಲ್ಪ ದೂರ ಹಿಡಿದು ನೋಡಿದಳು. ಸಾಲಿನ ಕೊನೆಗೆ ಇಟ್ಟು, ಒರೆಸಿಕೊಳ್ಳದ ಕಣ್ಣಿನಲ್ಲೇ ಮುಂದಿನ ಚೂರಿಗೆ ಕೈ ಹಾಕಿದಳು.

ಇವನು ಆಚೆ ನೋಡಲಿಲ್ಲ. ಕೊನೆಯ ತನಕ ಅವಳನ್ನೇ ನೋಡುತ್ತಾ ಕೂತ. ಅವಳು ತಿಂದು ಮುಗಿಸಿ ಬಟ್ಟಲನ್ನು ಅವನ ಕಡೆಗೆ ತಿರುಗಿಸಿದಳು.

"ಆಯ್ತು. ಈಗ ಕಳಿಸ್ತೀರಾ?"

"ಕೈ ತೊಳಿ ಮೊದಲು" ಎಂದ. ಅವಳು ಕೈ ತೊಳೆಯಲಿಕ್ಕೆ ಹೋದಾಗ ಮೊಬೈಲು ತೆಗೆದು ಆ ಬಟ್ಟಲಿನ ಫೋಟೋ ಹಿಡಿದು ಹೆಂಡತಿಗೆ ಕಳಿಸಿದ. ಕುವೈಟಿನಲ್ಲಿ ಅವಳು ಅದನ್ನು ರೂಮಿನವರಿಗೆಲ್ಲ ತೋರಿಸಿದಳಂತೆ. ಎಂಜಲು ಬಟ್ಟಲು ನೋಡಿ ಅವರು ಎಂತ ಹೇಳಿದರೋ ಗೊತ್ತಿಲ್ಲ. ಮಗಳು ಮೊದಲು ಬಿಟ್ಟು ಹೋದ ಮುಳ್ಳಿಲ್ಲದ ಮೀನನ್ನು ಇವನೇ ತಿಂದ.

"ಹೇಗುಂಟು?" ಎಂದು ನಾನು ಕೇಳಿದೆ.

"ರುಚಿಯೇ ಇಲ್ಲ" ಎಂದ.

ಸಂಜೆ ನಾನು ಹಿತ್ತಿಲಿನಲ್ಲಿ ಬಟ್ಟೆ ತೆಗೆಯುವಾಗ ಅವನು ಪಕ್ಕದ ಮನೆಯವರಿಗೆ ಕಾಂಪೌಂಡಿನ ಮೇಲಿನಿಂದ ಹೇಳುವುದು ಕೇಳಿತು. "ಸಾರಿನದ್ದು ಮಾರಾಯ್ರೆ. ನಡುವೆ ಮುಳ್ಳು ತುಂಡಾಯ್ತು. ಆದ್ರೂ ಬಿಡ್ಲಿಲ್ಲ. ಗಂಟಲಿಗೆ ಹೋದದ್ದನ್ನು ಅವಳೇ ಕೈ ಹಾಕಿ ತೆಗೆದ್ಲು." ತಾನು ಮಾಡಿದ ಕೆಲಸವನ್ನು ಹೇಳಲಿಲ್ಲ. ಆಮೇಲೆ ಬಸ್ಸಿನ ಡ್ರೈವರಿಗೂ ಹೇಳಿದ್ದಾನೆ. ಡ್ರೈವರು ನನಗೆ ಪೇಟೆಯಲ್ಲಿ ಸಿಕ್ಕಿದಾಗ, ನಿಮ್ಮ ಮೊಮ್ಮಗಳು ಬೂತಾಯಿ ತಿಂದದ್ದನ್ನು ನಾವು ಟ್ರಿಪ್ಪಿಗೊಂದು ಸಲ ಕೇಳಿದ್ದೇವೆ ಎಂದ.

ಮಾತು ಕೊಟ್ಟ ಮೇಲೆ ತಪ್ಪುವವನಲ್ಲ. ಎರಡು ದಿನ ಬಿಟ್ಟು ಕರಕೊಂಡು ಹೋದ. ಅವಳ ಬ್ಯಾಗು ಅವಳೇ ತುಂಬಿದ್ದು. ಅವನು ಬಿಚ್ಚಿ ನೋಡಲಿಕ್ಕೆ ಹೋದ, ನಾನು ಬೇಡ ಎಂದೆ. ಟವೆಲು ಹಾಕಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು, ಅಲ್ಲಿ ಟವೆಲಿಗೆ ಬರ ಇಲ್ಲ. ಕಾಟಿಪಳ್ಳದ ಬಸ್ಸಿನಲ್ಲಿ ಅವಳು ಕಿಟಕಿಯ ಬದಿ ಕೂತಳಂತೆ. ಪಕ್ಕದ ಸೀಟು ಖಾಲಿ ಇದ್ದರೂ ಇವನು ಇಳಿಯುವ ತನಕ ನಿಂತೇ ಹೋದನಂತೆ. ಕಂಡಕ್ಟರಿನ ಅಭ್ಯಾಸ ಎಂದು ಹೇಳಿದ, ನಾನು ಒಪ್ಪಿಕೊಂಡೆ. ಅಲ್ಲಿ ತಲುಪಿದ ಕೂಡಲೇ ಮಕ್ಕಳು ಅವಳನ್ನು ಎಳೆದುಕೊಂಡು ಹಿತ್ತಿಲಿಗೆ ಹೋದರು. ಇವನು ಚಾ ಕುಡಿದು, ಅತ್ತೆಗೆ ಹೇಳಬೇಕಾದದ್ದನ್ನೆಲ್ಲ ಎರಡೆರಡು ಸಲ ಹೇಳಿ, ಹೊರಡುವಾಗ ಅವಳನ್ನು ಕರೆದ. ಅವಳು ಹಿತ್ತಿಲಿನಿಂದಲೇ ಟಾಟಾ ಎಂದಳು. ಮುಖ ನೋಡಲಿಕ್ಕೆ ಸಿಗಲಿಲ್ಲ.

ಆ ವಾರ ನಮ್ಮ ಮನೆಯಲ್ಲಿ ಊಟ ಬೇಗ ಮುಗಿಯುತ್ತಿತ್ತು. ಇವನು ಉಂಡು ಕೈ ತೊಳೆದು ಬಂದರೂ ಮಾಡಲಿಕ್ಕೆ ಏನೂ ಇರುವುದಿಲ್ಲ. ಬಹಳ ದಿನದಿಂದ ಸೋರುತ್ತಿದ್ದ ನಲ್ಲಿ ರಿಪೇರಿ ಮಾಡಿದ, ಫ್ಯಾನು ಒರೆಸಿದ. ನನ್ನ ಕಾಲು ನೋವಿಗೆ ಆಸ್ಪತ್ರೆಗೆ ಹೋಗುವ ಎಂದ. ಕಾಲು ನೋವು ನನಗೆ ಇರುವುದು ಇವತ್ತು ನಿನ್ನೆಯಿಂದ ಅಲ್ಲ. ಬೇಡ ಎಂದೆ. ಫೋನು ಮಾಡಿದರೆ ಅತ್ತೆ ತೆಗೆಯುತ್ತಿದ್ದರು. ಅವಳು ಆಟಕ್ಕೆ ಹೋಗಿದ್ದಾಳೆ, ಅವಳು ಮಲಗಿದ್ದಾಳೆ, ಅವಳು ಮಾಮನ ಜೊತೆ ಅಂಗಡಿಗೆ ಹೋಗಿದ್ದಾಳೆ.

ಕರಕೊಂಡು ಬರುವ ಹಿಂದಿನ ದಿನ ಅವಳೇ ಫೋನು ಮಾಡಿದಳು. ನಾವು ಆಗ ತಾನೇ ಊಟಕ್ಕೆ ಕೂತಿದ್ದೆವು. ಸ್ಪೀಕರಿನಲ್ಲಿ ಹಿಂದೆ ಮಕ್ಕಳ ಗಲಾಟೆ, ಯಾರೋ ಅವಳನ್ನು ಕೂಗಿ ಕರೆಯುತ್ತಿದ್ದರು.

"ಪಪ್ಪ, ನಾಳೆ ಬರ್ಬೇಡಿ. ನಾನು ಇನ್ನೂ ಒಂದು ವಾರ ಇರ್ತೇನೆ."

ಇವನ ಕೈ ಅನ್ನದಲ್ಲೇ ನಿಂತಿತು. ನನ್ನ ಕಡೆ ನೋಡಿದ. ಉತ್ತರ ಕೊಡಬೇಕಾದದ್ದು ಅವನು, ನಾನಲ್ಲ. ನಾನು ನೋಡದವಳ ಹಾಗೆ ಕೂತೆ.

"ಒಂದು ವಾರವಾ?"

"ಹೂಂ. ಇಲ್ಲಿ ಸೈಕಲ್ ಕಲೀತಾ ಇದ್ದೇನೆ. ಮುಗೀಲಿಲ್ಲ."

"ಸೈಕಲಾ? ಯಾರು ಹಿಡ್ಕೊಳ್ಳುದು ಹಿಂದಿನಿಂದ?"

"ಮೊದಲು ಮಾಮ. ಈಗ ಯಾರೂ ಇಲ್ಲ."

ಇವನು ಬಿದ್ದ್ಯಾ ಎಂದು ಕೇಳುತ್ತಾನೆ, ಕಾಲಿಗೆ ಎಂತ ಆಯಿತು ಎಂದು ಕೇಳುತ್ತಾನೆ, ಈಗಲೇ ಬಸ್ಸು ಹತ್ತುತ್ತಾನೆ ಎಂದು ನಾನು ಗ್ರಹಿಸಿದೆ. ಬಾಯಿ ತೆರೆದದ್ದೂ ಹೌದು. ಆದರೆ ಬಂದ ಮಾತು ಬೇರೆ.

"ಆಯ್ತು. ಇರು."

ಅವಳು ಸರಿ ಎಂದು ಫೋನು ಇಟ್ಟಳು. ಅಜ್ಜಿ ಹೇಗಿದ್ದಾಳೆ ಎಂದೂ ಕೇಳಲಿಲ್ಲ. ಅವನು ಫೋನನ್ನು ಕೆಳಗಿಟ್ಟು, ಯಾರೋ ಒಳ್ಳೆಯ ಸುದ್ದಿ ಹೇಳಿ ಹೋದ ಹಾಗೆ ಅದನ್ನೇ ನೋಡುತ್ತಾ ನಕ್ಕ.

"ಕೇಳಿದ್ಯಾ ಅಮ್ಮ? ಹಿಂದಿನಿಂದ ಯಾರೂ ಹಿಡ್ಕೊಳ್ಳುದಿಲ್ಲ ಅಂತೆ."

"ಕೇಳಿತು. ನನ್ನ ಕಿವಿ ಸರಿ ಉಂಟು" ಎಂದೆ.

ಅವನು ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡ. ಆ ವಾರದಲ್ಲಿ ಅವನು ಎರಡನೆಯ ಸಲ ಅನ್ನ ಕೇಳಿದ್ದು ಅವತ್ತು ಮಾತ್ರ.